ತವರು ನೆಲದ ಲಾಭ

ಗಂಡನ ಕೊನೆಯ ಮಾತು ಹೆಂಡತಿಗೇ ಸಲ್ಲಬೇಕು ಎಂದು ಯಾವ ಕಾನೂನೂ ಇಲ್ಲ. ಇದ್ದಿದ್ದರೆ ಸೈರನ್ ಇಷ್ಟು ಹೊತ್ತಿಗೆ ಕಂಬಿ ಎಣಿಸುತ್ತಿದ್ದ. (ಗಾಬರಿಯಾಗಬೇಡಿ, ಆಸಾಮಿ ಬದುಕಿದ್ದಾನೆ. ಸತ್ತದ್ದು ಮಾತು ಮಾತ್ರ.) ಅವನ ಕೊನೆಯ ಮಾತು ಹೋಗಿ ಸೇರಿದ್ದು ಒಬ್ಬ ಲೈನ್ಸ್‌ಮನ್ನಿಗೆ. ಭಾನುವಾರದ ಪಂದ್ಯದ ಎಂಬತ್ತಾರನೆಯ ನಿಮಿಷದಲ್ಲಿ ಊರ ತಂಡ ಹೊಡೆದ ಗೋಲನ್ನು ಆಫ್‌ಸೈಡ್ ಎಂದು ಆ ಮನುಷ್ಯ ಬಾವುಟ ಎತ್ತಿದ. ಸೈರನ್ ಎದ್ದು ನಿಂತು, ಅಳಿದುಳಿದ ಗಂಟಲನ್ನೆಲ್ಲ ಒಟ್ಟುಗೂಡಿಸಿ "ಕುರುಡಾ!" ಎಂದು ಅರಚಿದ. ಸೋಮವಾರ ಬೆಳಿಗ್ಗೆ ಆಸ್ಪತ್ರೆಯಲ್ಲಿ ಆಪರೇಷನ್ ಕೋಣೆಯ ಬಾಗಿಲ ಬಳಿ ಹೆಂಡತಿ ಅವನ ಮೇಲೆ ಬಗ್ಗಿ, "ಏನಾದ್ರೂ ಹೇಳ್ತೀರೇನ್ರೀ?" ಎಂದಾಗ ಅವನ ಬಾಯಿಂದ ಬರೀ ಗಾಳಿ ಬಂತು. ಹತ್ತು ಗಂಟೆಗೆ ಡಾಕ್ಟರು ಗಂಟಲ ಗಡ್ಡೆಯನ್ನು ಧ್ವನಿಪೆಟ್ಟಿಗೆಯ ಸಮೇತ ತೆಗೆದು ಹಾಕಿದರು.

ಮಂಗಳವಾರದ ಪೇಪರಿನಲ್ಲಿ ಆ ಗೋಲಿನ ಫೋಟೋ ಬಂದಿತ್ತು. ನೋಡಿದರೆ ಅದು ನಿಜಕ್ಕೂ ಆಫ್‌ಸೈಡೇ. ಹೆಂಡತಿ ಆ ಫೋಟೋವನ್ನು ಅಂಚು ಕೆಡದ ಹಾಗೆ ಕತ್ತರಿಸಿ, ಅವನ ಮಾತ್ರೆಗಳ ಡಬ್ಬಿಯ ಮುಚ್ಚಳದೊಳಗೆ ಅಂಟಿಸಿದಳು. ದಿನಕ್ಕೆ ಮೂರು ಸಲ, ಊಟವಾದ ಮೇಲೆ, ಅವನು ಅದನ್ನು ನೋಡಲೇಬೇಕಾಗಿತ್ತು.

ಸೈರನ್ ಎಂಬುದು ಅವನ ಅಪ್ಪ ಅಮ್ಮ ಇಟ್ಟ ಹೆಸರಲ್ಲ, ಗ್ಯಾಲರಿ ಕೊಟ್ಟ ಬಿರುದು. ಕಸುಬಿನಲ್ಲಿ ಅವನು ಬಟ್ಟೆ ಗಿರಣಿಯ ಮಗ್ಗಗಳ ಮೆಕ್ಯಾನಿಕ್. ಇನ್ನೂರು ಮಗ್ಗ ಒಟ್ಟಿಗೆ ಬಡಿದುಕೊಳ್ಳುವ ಕಡೆ ಒಂದು ಸ್ಪ್ಯಾನರ್ ಬೇಕೆಂದರೂ ಸಿಡಿಲಿನ ಹಾಗೆ ಕೇಳಬೇಕು. ಆ ಗಂಟಲನ್ನು ಅವನು ಮೂವತ್ತು ವರ್ಷ ಪ್ರತಿ ಭಾನುವಾರ ಫುಟ್‌ಬಾಲ್ ಮೈದಾನದ ಪೂರ್ವ ಗ್ಯಾಲರಿಗೆ ಧಾರೆ ಎರೆದಿದ್ದ. ಆ ಗ್ಯಾಲರಿಗೆ ಒಂದು ಪದ್ಧತಿ ಇತ್ತು. ಮೊದಲ ಕೂಗು ಒಬ್ಬನದೇ. ಸೈರನ್ ಎದ್ದು "ಯಾರದೀ ನೆಲ?" ಎನ್ನಬೇಕು, ಆಮೇಲೆ ಮೂರು ಸಾವಿರ ಬಾಯಿ "ನಮ್ಮದೀ ನೆಲ!" ಎನ್ನಬೇಕು. ಅವನಿಗಿಂತ ಮುಂಚೆ ಕೂಗಿದವನನ್ನು ಜನ ಊಟಕ್ಕೆ ಕರೆಯದೆ ಬಂದವನ ಹಾಗೆ ನೋಡುತ್ತಿದ್ದರು.

"ಹನ್ನೊಂದು ಜೊತೆ ಕಾಲು, ಒಂದು ಗಂಟಲು," ಎನ್ನುವುದು ಅವನ ಸಿದ್ಧಾಂತ. "ತವರು ನೆಲದ ಲಾಭ ಅಂತಾರಲ್ಲ, ಅದು ಹುಲ್ಲಲ್ಲೂ ಇಲ್ಲ, ಮಣ್ಣಲ್ಲೂ ಇಲ್ಲ. ಇಲ್ಲಿದೆ," ಎಂದು ಗಂಟಲು ಮುಟ್ಟಿ ತೋರಿಸುತ್ತಿದ್ದ. ಈಗ ಅವನು ಮುಟ್ಟಿ ತೋರಿಸುತ್ತಿದ್ದ ಜಾಗದಲ್ಲಿ ಉಸಿರಾಡಲು ಒಂದು ತೂತು, ಅದರ ಮೇಲೊಂದು ಬಿಳಿ ಬಟ್ಟೆ. ಡಾಕ್ಟರು ಇದಕ್ಕೆಲ್ಲ ಸಿಗರೇಟು ಮತ್ತು ಗಿರಣಿಯ ಹತ್ತಿಯ ಧೂಳು ಕಾರಣ ಎಂದರು. ಸೈರನ್ ಅದನ್ನು ಒಪ್ಪಲಿಲ್ಲ. ತನ್ನ ಗಂಟಲು ಗ್ಯಾಲರಿಗಾಗಿ ಹುತಾತ್ಮವಾಯಿತು ಎಂದೇ ಅವನ ತೀರ್ಮಾನ. ಆ ಒಂದು ಹೆಮ್ಮೆಯೂ ಇಲ್ಲದಿದ್ದರೆ ಅವನು ಹಾಸಿಗೆ ಬಿಟ್ಟು ಏಳುತ್ತಿರಲಿಲ್ಲ.

ಇನ್ನು ಹೆಂಡತಿಯ ವಿಚಾರ. ಅವಳು ಬಸ್ ನಿಲ್ದಾಣದಲ್ಲಿ ಮೈಕಿನ ಮುಂದೆ ಕೂತು ಬಸ್ಸುಗಳ ವೇಳೆ ಹೇಳುವವಳು. ಇಡೀ ಊರಿಗೆ ಅನೌನ್ಸರಮ್ಮ. ಕಿಟಕಿಯಿಂದ ಚೀಟಿ ಬರುತ್ತದೆ, ಅವಳು ಓದುತ್ತಾಳೆ, ನಿಯಮದ ಪ್ರಕಾರ ಎರಡು ಸಲ. ಇಪ್ಪತ್ತಾರು ವರ್ಷದಲ್ಲಿ ಒಂದಕ್ಷರ ಕೂಡಿಸಿದವಳಲ್ಲ, ಕಳೆದವಳಲ್ಲ. ಒಮ್ಮೆ ನಿಲ್ದಾಣದ ಅಧಿಕಾರಿ ತಪ್ಪು ಚೀಟಿ ಕೊಟ್ಟದ್ದರಿಂದ, "ಎರಡು ಟೀ, ಒಂದಕ್ಕೆ ಸಕ್ಕರೆ ಬೇಡ" ಎಂದು ಐನೂರು ಪ್ರಯಾಣಿಕರಿಗೆ ಎರಡು ಸಲ ಸಾರಿದ್ದಳು. ಯಾಕಮ್ಮಾ ಹೀಗೆ ಎಂದು ಕೇಳಿದರೆ, "ಬರೆಯೋದು ನಿಮ್ಮ ಕೆಲಸ, ಓದೋದು ನನ್ನ ಕೆಲಸ. ನಿಮ್ಮ ಕೆಲಸ ನಾನು ಮಾಡೋದಿಲ್ಲ," ಎಂದಳು.

ಇಂಥವಳ ಕೈಗೆ ಮಾತಿಲ್ಲದ ಗಂಡ ಸಿಕ್ಕಿದ. ಅವನಿಗೆ ಕೊರಳಿಗೆ ಕಟ್ಟಿಕೊಳ್ಳಲು ದಾರದ ಸ್ಲೇಟು ಬಂತು, ಜೇಬಿಗೆ ಬಳಪ ಬಂತು. ಅವನು ಬರೆಯುವುದು, ಅವಳು ಓದುವುದು. ಪಕ್ಕದ ಮನೆಯ ನಿವೃತ್ತ ಹೆಡ್‌ಮಾಸ್ಟರರು ರೋಗಿಯನ್ನು ನೋಡಲು ಬಂದು, ಗಂಟಲ ರೋಗದಿಂದ ಸತ್ತ ತಮ್ಮ ಬಂಧುಗಳ ಕಥೆಯನ್ನು ಒಂದೂವರೆ ಗಂಟೆ ಹೇಳಿದಾಗ ಸೈರನ್ ಸ್ಲೇಟಿನ ಮೇಲೆ ಗೀಚಿ ಹೆಂಡತಿಗೆ ಮಾತ್ರ ಕಾಣುವಂತೆ ಹಿಡಿದ. ಅವಳು ಕನ್ನಡಕ ಸರಿಮಾಡಿಕೊಂಡು ಸ್ಪಷ್ಟವಾಗಿ, "ಈ ಮುದುಕ ಯಾವಾಗ ತೊಲಗ್ತಾನೆ," ಎಂದಳು. ಆಮೇಲೆ ಇನ್ನೊಮ್ಮೆ ಎಂದಳು. ಹೆಡ್‌ಮಾಸ್ಟರರು ಆ ಮನೆಗೆ ಮತ್ತೆ ಕಾಲಿಡಲಿಲ್ಲ.

ಜಗಳದಲ್ಲಂತೂ ಸೈರನ್‌ನ ಪಾಡು ಹೇಳತೀರದು. ಅವನು ಒಂದು ಸಾಲು ಬರೆದು ಮುಗಿಸುವಷ್ಟರಲ್ಲಿ ಅವಳದು ಹದಿನೈದು ಸಾಲು ಆಗಿರುತ್ತಿತ್ತು. ಇವನ ಉತ್ತರ ಸಿದ್ಧವಾಗುವ ಹೊತ್ತಿಗೆ ಅವಳು ಆ ಪ್ರಶ್ನೆ ಬಿಟ್ಟು ಎರಡು ಪ್ರಶ್ನೆ ಮುಂದೆ ಹೋಗಿರುತ್ತಿದ್ದಳು. ಸಿಟ್ಟು ಬಂದರೆ ಬಳಪ ಒತ್ತಿ ಮುರಿಯುವುದೊಂದೇ ಅವನಿಗೆ ಉಳಿದ ಅರಚಾಟ. ಮೊದಲ ತಿಂಗಳಲ್ಲಿ ಎರಡು ಪೆಟ್ಟಿಗೆ ಬಳಪ ಖಾಲಿಯಾದವು.

ಆದರೆ ಮೈದಾನದಲ್ಲಿ ಆಗುತ್ತಿದ್ದದ್ದು ಇದಕ್ಕಿಂತ ದೊಡ್ಡ ಅನಾಹುತ. ಸೈರನ್ ಹಾಸಿಗೆ ಹಿಡಿದ ಮೇಲೆ ಊರ ತಂಡ ತನ್ನದೇ ಮೈದಾನದಲ್ಲಿ ಸಾಲಾಗಿ ಐದು ಪಂದ್ಯ ಸೋತಿತು. ಮೂವತ್ತು ವರ್ಷದ ಅಭ್ಯಾಸ, ಮೊದಲ ಕೂಗಿಲ್ಲದೆ ಗ್ಯಾಲರಿಗೆ ಬಾಯಿ ಬಾರದು. ಒಂದು ಸಲ ಮೂವರು ಒಟ್ಟಿಗೆ ಎದ್ದು "ಯಾರದೀ ನೆಲ?" ಎಂದರು, ಆಮೇಲೆ ಆಟ ಮುಗಿಯುವವರೆಗೆ ಆ ಮೂವರೇ ಕಾಲರ್ ಹಿಡಿದುಕೊಂಡು ಅದನ್ನು ಇತ್ಯರ್ಥ ಮಾಡಿಕೊಂಡರು. ಡಬ್ಬ ಬಡಿಯುವುದನ್ನು ಕ್ಲಬ್ಬು ಎಂದೋ ನಿಷೇಧಿಸಿತ್ತು. ಈಗ ಉಳಿದದ್ದು ಒಂದೇ ಪಂದ್ಯ. ಅದನ್ನು ಗೆಲ್ಲದಿದ್ದರೆ ತಂಡ ಎರಡನೇ ಡಿವಿಷನ್ನಿಗೆ ಬೀಳುತ್ತದೆ. ತನ್ನ ಗಂಟಲು ಕೈಕೊಟ್ಟದ್ದಕ್ಕೇ ತಂಡ ಮುಳುಗುತ್ತಿದೆ ಎಂದು ಸೈರನ್ ಗೋಡೆಯ ಕಡೆ ತಿರುಗಿ ಮಲಗುತ್ತಿದ್ದ.

ಒಂದು ಸಂಜೆ ಅಭಿಮಾನಿ ಸಂಘದ ಕಾರ್ಯದರ್ಶಿ ಮನೆಗೆ ಬಂದ. ಕಸುಬಿನಲ್ಲಿ ದರ್ಜಿ, ಸೋಡಾ ಬಾಟಲಿಯ ತಳದಂಥ ಕನ್ನಡಕ. ಅವನು ರೋಗಿಯ ಕಡೆ ಒಂದು ನಮಸ್ಕಾರ ಎಸೆದು ನೇರ ಅಡುಗೆಮನೆಗೆ ನಡೆದ.

"ಅಕ್ಕಾ, ಭಾನುವಾರ ನೀವು ಬಾಯಿ ಬಿಡಬೇಕು."

"ದಿನಾ ಎಂಟು ಗಂಟೆ ಬಿಡ್ತೀನಲ್ಲಪ್ಪಾ. ಬಸ್ ಸ್ಟ್ಯಾಂಡಿಗೆ ಬಾ."

"ತಮಾಷೆ ಅಲ್ಲಕ್ಕಾ. ಅಣ್ಣನ ಜಾಗದಲ್ಲಿ ನಿಂತು ಮೊದಲ ಕೂಗು ಕೂಗೋಕೆ ಈ ಊರಲ್ಲಿ ಇನ್ನೊಂದು ಗಂಟಲಿಲ್ಲ."

"ಭಾನುವಾರ ಯಾವ ತಂಡದ ಮೇಲೆ ಆಟ ಅಂತ ಗೊತ್ತೇನಪ್ಪಾ ನಿಂಗೆ?" ಅವಳು ಸೌಟನ್ನು ಕೆಳಗಿಟ್ಟಳು. "ನನ್ನ ತವರೂರ ತಂಡ. ಪೆನಾಲ್ಟಿ ಒದೆಯೋನು ನಮ್ಮಣ್ಣನ ಮಗ ಮರಿ. ಇದೇ ಹಿತ್ತಲಲ್ಲಿ ಬೆಳೆದ ಹುಡುಗ. ಅವನ ಎದುರಿಗೆ ನಿಂತು ಅರಚು ಅಂತೀಯಲ್ಲ, ಹೊಟ್ಟೆಗೆ ಏನು ತಿಂತೀಯಾ?"

ಅದು ನಿಜ. ಮರಿಯ ತಾಯಿ ಕಾಯಿಲೆ ಬಿದ್ದಾಗ ಒಂಬತ್ತು ವರ್ಷದ ಆ ಹುಡುಗನನ್ನು ಇವರೇ ಕರೆತಂದು ಮೂರು ವರ್ಷ ಸಾಕಿದ್ದರು. ಇವರಿಗೆ ಮಕ್ಕಳಿರಲಿಲ್ಲ. ಹಿತ್ತಲ ಗೋಡೆಯ ಮೇಲೆ ಸುಣ್ಣದಲ್ಲಿ ಗೋಲಿನ ಚೌಕಟ್ಟು ಬರೆದು ಪೆನಾಲ್ಟಿ ಒದೆಯಲು ಕಲಿಸಿದವನು ಸೈರನ್. ಗದ್ದಲಕ್ಕೆ ಅಂಜುವ ಕಾಲು ಕಾಲೇ ಅಲ್ಲ ಎಂದು ಹೇಳಿ, ಹುಡುಗ ಚೆಂಡು ಇಟ್ಟೊಡನೆ ಕಿವಿಯ ಹತ್ತಿರ ಬಗ್ಗಿ ಭೋರ್ಗರೆಯುತ್ತಿದ್ದ. ಮೊದಮೊದಲು ಹುಡುಗ ಅಳುತ್ತಿದ್ದ. ಆಮೇಲೆ ಕೂಗು ಬಿದ್ದ ತಕ್ಷಣ ಒದೆಯುತ್ತಿದ್ದ, ಚೆಂಡು ಗೋಡೆಯ ಬಲಮೂಲೆಗೇ ಬಡಿಯುತ್ತಿತ್ತು. ಈಗ ಮೂರು ವರ್ಷದಿಂದ ಅವನು ತವರೂರ ತಂಡಕ್ಕೆ ಆಡುತ್ತಾನೆ. ಮೂರು ವರ್ಷವೂ ಇಲ್ಲಿಗೆ ಬಂದು, ಪೂರ್ವ ಗ್ಯಾಲರಿಯ ಎದುರಿನ ಗೋಲಿಗೆ ಒಂದೊಂದು ಪೆನಾಲ್ಟಿ ಹೊಡೆದು ಹೋಗಿದ್ದ. ಮೂರು ಸಲವೂ ಸೈರನ್ ಗಂಟಲು ಹರಿಯುವಂತೆ ಕೂಗಿ, ಆಮೇಲೆ ಅರ್ಧ ಅಳು ಅರ್ಧ ಹೆಮ್ಮೆಯಲ್ಲಿ ಮನೆಗೆ ಬಂದಿದ್ದ.

ಕಾರ್ಯದರ್ಶಿ ಹೋದ ಮೇಲೆ ಸೈರನ್ ಸ್ಲೇಟು ಹಿಡಿದು ಅಡುಗೆಮನೆಯ ಬಾಗಿಲಲ್ಲಿ ನಿಂತ. "ನನಗೋಸ್ಕರ," ಎಂದು ಬರೆದಿತ್ತು.

"ನಿಮಗೋಸ್ಕರ ಅಂತ ನಾನು ಏನೇನು ಮಾಡಿಲ್ಲ ಹೇಳಿ. ನನ್ನ ಮದುವೆ ದಿನವೂ ಪಂದ್ಯ ಇತ್ತು, ಮುಹೂರ್ತ ಒಂದು ಗಂಟೆ ಹಿಂದಕ್ಕೆ ಹಾಕಿಸಿದ್ರಿ. ತವರು ನೆಲ, ತವರು ನೆಲ ಅಂತ ಮೂವತ್ತು ವರ್ಷ ಊರೆಲ್ಲ ಅರಚಿದ್ರಿ, ನನ್ನ ತವರಿಗೆ ವರ್ಷಕ್ಕೊಂದು ಸಲ ಬಸ್ ಹತ್ತಿಸೋಕೆ ನಿಮಗೆ ಭಾನುವಾರ ಸಿಗಲಿಲ್ಲ."

ಅವನು ಉಜ್ಜಿ ಬರೆದ: "ಕೊನೇ ಸಲ."

ಅವಳು ಒಲೆಯ ಉರಿ ತಗ್ಗಿಸಿದಳು. ಆಮೇಲೆ, "ಸರಿ, ಬರ್ತೀನಿ. ಒಂದು ಷರತ್ತು. ಆ ಸೋಮವಾರ ನನಗೆ ಬರಬೇಕಾದ ಮಾತು ಲೈನ್ಸ್‌ಮನ್ನಿಗೆ ಹೋಯ್ತಲ್ಲ, ಆ ಮಾತು ನನಗೆ ಬೇಕು. ಏನು ಹೇಳ್ತಿದ್ರಿ? ಬರೆದುಕೊಡಿ," ಎಂದಳು.

ಸೈರನ್ ಬಳಪ ಹಿಡಿದು ನಿಂತ. ಇಪ್ಪತ್ತೆಂಟು ವರ್ಷದ ಸಂಸಾರದಲ್ಲಿ ಇಂಥ ಪ್ರಶ್ನೆಪತ್ರಿಕೆ ಅವನಿಗೆ ಬಂದಿರಲಿಲ್ಲ. ಕೊನೆಗೆ ಬರೆದ.

"ಮ್ಯಾಚು ಮುಗಿದ ಮೇಲೆ," ಎಂದು ಅವಳು ಓದಿದಳು. "ಮ್ಯಾಚು ಮುಗಿದ ಮೇಲೆ." ಓದಿ, ಒಲೆಯ ಕಡೆ ತಿರುಗಿದಳು.

ಭಾನುವಾರ ಮಧ್ಯಾಹ್ನ ಅವಳು ಡ್ಯೂಟಿಯ ಸೀರೆಯಲ್ಲೇ ಗ್ಯಾಲರಿಗೆ ಬಂದಳು. ಸೈರನ್ ಪಕ್ಕದಲ್ಲಿ ಕೂತು ಸ್ಲೇಟಿನ ಮೇಲೆ ಬರೆದು ಮೊದಲ ಸನ್ನೆ ಮಾಡಿದ. ಅವಳು ಎದ್ದಳು. ಅಭ್ಯಾಸ ಬಲ, "ದಯವಿಟ್ಟು ಗಮನಿಸಿ," ಎಂದು ಬಂತು. ಮೂರು ಸಾವಿರ ಜನ ನಿಜವಾಗಿಯೂ ಗಮನಿಸಿದರು. "ಯಾರದೀ ನೆಲ?" ಎಂದಳು. ಒಂದು ಕ್ಷಣ ಬಿಟ್ಟು ಗ್ಯಾಲರಿಯ ಕಟ್ಟೆ ಒಡೆಯಿತು. ಎರಡು ತಿಂಗಳ ಮೌನವೆಲ್ಲ ಸೇರಿ "ನಮ್ಮದೀ ನೆಲ!" ಎಂದಾಗ ಸೈರನ್‌ನ ಕೊರಳ ಬಟ್ಟೆ ಉಸಿರಿಗೆ ಪಟಪಟ ಎಂದಿತು. ಅವನು ಅಳುತ್ತಿದ್ದ.

ಆಮೇಲೆ ಅವಳಿಗೆ ಕೈ ಕುದುರಿತು. ಸೈರನ್ "ಓಡೋ ಕತ್ತೆ" ಎಂದು ಬರೆದರೆ ಅವಳು ಬಸ್ಸಿನ ರಾಗದಲ್ಲಿ, "ಓಡೋ ಕತ್ತೆ, ಓಡೋ ಕತ್ತೆ," ಎಂದು ಸಾರುತ್ತಿದ್ದಳು, ಗ್ಯಾಲರಿ ಅದೇ ರಾಗದಲ್ಲಿ ಮೂರನೇ ಸಲ ಸಾರುತ್ತಿತ್ತು. ಎದುರು ತಂಡದ ಹಿಂಬದಿ ಆಟಗಾರನೊಬ್ಬ ಬಸ್ಸು ತಪ್ಪಿದವನ ಹಾಗೆ ತಿರುಗಿ ನೋಡಿದ, ಅಷ್ಟರಲ್ಲಿ ಊರ ತಂಡದವನು ಚೆಂಡು ದಾಟಿಸಿ ಗೋಲು ಹೊಡೆದ. ಒಂದು ಸೊನ್ನೆ. ಕಾರ್ಯದರ್ಶಿ ಕುಣಿಯುವ ಭರದಲ್ಲಿ ಕನ್ನಡಕ ಕೆಳಗೆ ಬೀಳಿಸಿ, ತಾನೇ ಅದರ ಮೇಲೆ ಹತ್ತಿ ಕುಣಿದ.

ಎಂಬತ್ತೆಂಟನೆಯ ನಿಮಿಷದಲ್ಲಿ ರೆಫರಿ ಸೀಟಿ ಊದಿ ಚುಕ್ಕೆಯ ಕಡೆ ಕೈ ತೋರಿಸಿದ. ತವರೂರ ತಂಡಕ್ಕೆ ಪೆನಾಲ್ಟಿ. ಗೋಲಾದರೆ ಪಂದ್ಯ ಸಮ, ಸಮವಾದರೂ ಊರ ತಂಡ ಕೆಳಗೆ ಬೀಳುವುದೇ. ಮರಿ ಚೆಂಡು ಎತ್ತಿಕೊಂಡು ಬಂದು ಪೂರ್ವ ಗ್ಯಾಲರಿಯ ಎದುರಿಗೆ ಇಟ್ಟ. ಹಿಂದಕ್ಕೆ ನಾಲ್ಕು ಹೆಜ್ಜೆ ಇಟ್ಟು ನಿಂತ.

ಇನ್ನು ಕೂಗಬೇಕು. ಕಿವಿ ಕಿತ್ತು ಹೋಗುವ ಹಾಗೆ ಕೂಗಬೇಕು. ಸೈರನ್ ಹೆಂಡತಿಯ ಮೊಣಕೈ ಹಿಡಿದು ಎಬ್ಬಿಸಿದ. ಅವಳು ಎದ್ದಳು. ಮೂರು ಸಾವಿರ ಬಾಯಿ ಅರ್ಧ ತೆರೆದು ಅವಳ ಕಡೆ ತಿರುಗಿದವು. ಅವಳು ಮರಿಯನ್ನು ನೋಡುತ್ತಿದ್ದಳು. ಅವಳ ಬಾಯಿ ತೆರೆಯಲಿಲ್ಲ.

ಸೈರನ್ ಮೊಣಕೈ ತಿವಿದ. ಸ್ಲೇಟು ಬಡಿದ. "ಕೂಗು" ಎಂದು ಬರೆದ, ಬಳಪ ಮುರಿಯಿತು. ಅವಳು ತುಟಿ ಕಚ್ಚಿಕೊಂಡು ನಿಂತಳು. ಗ್ಯಾಲರಿ ಕಾಯಿತು. ಮೈದಾನ ಕಾಯಿತು. ಎಲ್ಲೋ ಒಂದು ಮಗು ಕೆಮ್ಮಿದ್ದು ಕೇಳಿಸಿತು. ಮೂವತ್ತು ವರ್ಷದಲ್ಲಿ ಆ ಮೈದಾನ ಅಷ್ಟು ನಿಶ್ಶಬ್ದವಾಗಿ ಇದ್ದದ್ದಿಲ್ಲ. ಮರಿ ಚೆಂಡಿನ ಮುಂದೆ ನಿಂತೇ ಇದ್ದ. ರೆಫರಿ ಎರಡನೇ ಸಲ ಸೀಟಿ ಊದಿದ. ಹುಡುಗ ತಲೆಯೆತ್ತಿ ಗ್ಯಾಲರಿಯ ಕಡೆ ಒಮ್ಮೆ ನೋಡಿ, ತಡವರಿಸುತ್ತ ಓಡಿಬಂದು ಒದ್ದ. ಚೆಂಡು ಗೋಲ್ ಕೀಪರನ ಕೈಗೆ, ಹಾಲಿನವನು ಪ್ಯಾಕೆಟ್ ಕೊಟ್ಟಷ್ಟು ಮೆತ್ತಗೆ ಹೋಗಿ ಸೇರಿತು.

ಅಲ್ಲಿಂದ ಮುಂದೆ ಆದದ್ದು ಜಾತ್ರೆ. ಪಂದ್ಯ ಮುಗಿದು ತಂಡ ಉಳಿಯಿತು. ಜನ ಬೆಂಚು ಹಾರಿ ಬಂದು ಗಂಡ ಹೆಂಡತಿಯನ್ನು ಮುತ್ತಿಕೊಂಡರು. "ಎಂಥಾ ತಲೆ! ಎಂಥಾ ಉಪಾಯ! ಗದ್ದಲಕ್ಕೆ ಸಿದ್ಧವಾಗಿ ಬಂದವನಿಗೆ ಮೌನದ ಏಟು!" ಎಂದು ಕಾರ್ಯದರ್ಶಿ ಕಣ್ಣೀರು ಸುರಿಸಿದ. "ಅಣ್ಣಾ, ಯಾರದು ಈ ಐಡಿಯಾ?"

ಸೈರನ್‌ನ ಕಣ್ಣು ಕೆಂಡವಾಗಿತ್ತು. ಗೆದ್ದದ್ದು ಅವನಿಗೆ ಕಾಣುತ್ತಲೇ ಇರಲಿಲ್ಲ. ಗ್ಯಾಲರಿಯಲ್ಲಿ ನಿಂತು ಹೆಂಡತಿ ಎದುರಾಳಿಯ ಪರ ಬಾಯಿ ಮುಚ್ಚಿಕೊಂಡಳು, ಅಷ್ಟೇ ಅವನಿಗೆ ಕಂಡದ್ದು. ಮುರಿದ ಬಳಪದ ತುಂಡಿನಿಂದ, "ಉಪಾಯ ಅಲ್ಲ, ದ್ರೋಹ. ತವರಿನ ಹುಡುಗ ಗೆಲ್ಲಲಿ ಅಂತ ಸುಮ್ಮನಿದ್ದಳು," ಎಂದು ಬರೆದು ಕಾರ್ಯದರ್ಶಿಯ ಮೂಗಿಗೆ ಹಿಡಿದ. ಕನ್ನಡಕ ಕಳೆದುಕೊಂಡ ಕಾರ್ಯದರ್ಶಿಗೆ ಸ್ಲೇಟೂ ಒಂದೇ ಆಕಾಶವೂ ಒಂದೇ. ಅವನು ಸ್ಲೇಟನ್ನು ದಾರ ಸಮೇತ ಎಳೆದು ಅವಳ ಕಡೆ ತಿರುಗಿಸಿದ. "ಓದಕ್ಕಾ, ಜೋರಾಗಿ ಓದು!"

ಅವಳು ಓದಿಕೊಂಡಳು. ಮುಖ ಬಿಳಿಚಿತು. ಇಪ್ಪತ್ತಾರು ವರ್ಷದಲ್ಲಿ ಒಂದಕ್ಷರ ಹೆಚ್ಚು ಕಡಿಮೆ ಮಾಡದ ಹೆಂಗಸು, "ಸುಮ್ಮನಿರು ಅಂತ ನಾನೇ ಇವಳಿಗೆ ಹೇಳಿದ್ದು, ಅಂತ ಬರೆದಿದ್ದಾರೆ," ಎಂದಳು. ಎರಡನೇ ಸಲ ಓದಲಿಲ್ಲ. ಓದುವ ಮುಂಚೆಯೇ ಜನ ಸೈರನ್‌ನನ್ನು ಹೆಗಲಿಗೆ ಏರಿಸಿಯಾಗಿತ್ತು. ಅವನು ಮೇಲಿನಿಂದ ಕೈಕಾಲು ಬಡಿದ, ತಲೆ ಅಲ್ಲಾಡಿಸಿದ. ಜನ ಅದನ್ನು ವಿನಯ ಎಂದುಕೊಂಡರು. ಗ್ಯಾಲರಿಯನ್ನು ಒಂದು ಸುತ್ತು ಹಾಕಿಸುವಷ್ಟರಲ್ಲಿ ಎದುರಾಳಿಯ ಪ್ರತಿ ಪೆನಾಲ್ಟಿಗೂ ಇನ್ನು ಮುಂದೆ ಕಡ್ಡಾಯ ಮೌನ ಎಂದು ಸಂಘ ನಿರ್ಣಯ ಮಾಡಿ, ಅದಕ್ಕೆ ಅವನ ಹೆಸರನ್ನೇ ಇಟ್ಟಿತು. ಕೂಗಿ ಕೂಗಿ ಗಂಟಲು ಕಳೆದುಕೊಂಡವನು ಹೆಗಲ ಮೇಲಿನಿಂದ ಇಳಿಯುವಾಗ ಮೌನದ ಪಿತಾಮಹನಾಗಿದ್ದ.

ಮನೆಗೆ ಬಂದ ಇಬ್ಬರೂ ಒಂದೊಂದು ಮೂಲೆ ಹಿಡಿದು ಕೂತರು. ಬೆಳಕು ಇನ್ನೂ ಇತ್ತು. ಬಾಗಿಲು ತಟ್ಟಿ ಒಳಗೆ ಬಂದವನು ಮರಿ. ಅವನ ತಂಡದ ಬಸ್ಸು ಹೊರಡಲು ಅರ್ಧ ಗಂಟೆ ಇತ್ತು. ಮೊಣಕಾಲಿನ ಮಣ್ಣು ಇನ್ನೂ ತೊಳೆದಿರಲಿಲ್ಲ.

"ಮರೀ, ನಾನು ಬೇಕೂಂತ ಸುಮ್ಮನಿದ್ದೆ ಕಣೋ," ಎಂದು ಅವಳು ಎದ್ದವಳೇ ಬಿಕ್ಕಿದಳು. "ಗದ್ದಲ ಇಲ್ಲದಿದ್ರೆ ನೀನು ನಿರಾಳವಾಗಿ ಹೊಡೀತೀಯ ಅಂದ್ಕೊಂಡೆ."

"ಅಯ್ಯೋ ಅತ್ತೆ!" ಹುಡುಗ ಅವಳ ಕೈ ಹಿಡಿದುಕೊಂಡ. "ನನ್ನ ಕಾಲು ಹೊರಡೋದೇ ಮಾವನ ಕೂಗಿನ ಮೇಲೆ. ಚೆಂಡು ಇಟ್ಟು ಕಾಯ್ತಾ ನಿಂತೆ. ಬರಲಿಲ್ಲ." ಅವನು ಸೈರನ್‌ನ ಕಡೆ ತಿರುಗಿದ. "ನಿಮ್ಮ ಮಾತು ಹೋಗಿದೆ ಅಂತ ನಂಗೆ ಗೊತ್ತಿತ್ತು ಮಾವ. ಕಾಲಿಗೆ ಗೊತ್ತಿರಲಿಲ್ಲ. ಮೂರು ವರ್ಷ ಇಲ್ಲಿ ಹೊಡೆದದ್ದೆಲ್ಲ ನಿಮ್ಮ ಕೂಗು ಕೇಳಿಯೇ. ಅಷ್ಟು ಜನದಲ್ಲಿ ಅದೊಂದೇ ಕೇಳಿಸ್ತಿತ್ತು. ಹಿತ್ತಲಲ್ಲಿ ನಿಂತ ಹಾಗಿರ್ತಿತ್ತು."

ಅವನು ಸ್ವಲ್ಪ ಹೊತ್ತು ಕೂತು, ಇಬ್ಬರ ಕಾಲೂ ಮುಟ್ಟಿ ಬಸ್ಸಿಗೆ ಹೋದ. ಸೈರನ್ ಹಿತ್ತಲ ಬಾಗಿಲಲ್ಲಿ ನಿಂತು ಗೋಡೆ ನೋಡಿದ. ಸುಣ್ಣದ ಚೌಕಟ್ಟು ಅರ್ಧ ಮಾಸಿತ್ತು, ಬಲಮೂಲೆಯಲ್ಲಿ ಗಾರೆ ಉದುರಿತ್ತು. ಮೂರು ವರ್ಷ, ಮೂರು ಗೋಲು. ಅಷ್ಟನ್ನೂ ಎದುರಾಳಿಗೆ ಹೊಡೆಸಿಕೊಟ್ಟವನು ತಾನೇ. ಹೆಂಡತಿಯ ಮೌನವನ್ನು ದ್ರೋಹ ಎಂದು ಬರೆದವನೂ ತಾನೇ. ಹುತಾತ್ಮ ಗಂಟಲಿನ ಹೆಮ್ಮೆ ಒಂದು ಉಳಿದಿತ್ತು, ಈಗ ಅದೂ ಹೋಯಿತು.

ಹಿಂದೆ ಅವಳು ಬಂದು ನಿಂತಳು. ಅಳು ಒರೆಸಿಕೊಂಡಿದ್ದಳು. "ಮ್ಯಾಚು ಮುಗೀತಲ್ಲ," ಎಂದಳು. ಕೈಯಲ್ಲಿ ಹೊಸ ಬಳಪ ಇತ್ತು.

ಅವನು ಸ್ಲೇಟಿನ ಮೇಲಿದ್ದ "ದ್ರೋಹ"ವನ್ನು ಅಂಗಿಯ ತೋಳಿನಿಂದ ಎರಡೆರಡು ಸಲ ಉಜ್ಜಿದ. ಹೊಸ ಬಳಪದಲ್ಲಿ ಬರೆದು, ಅವಳ ಕಡೆ ತಿರುಗಿಸಿದ. ಅವಳು ಕನ್ನಡಕ ಹಾಕಿಕೊಂಡಳು.

"ಕುರುಡ ಆ ಲೈನ್ಸ್‌ಮನ್ ಅಲ್ಲ, ನಾನು," ಎಂದು ಓದಿದಳು.

ಅಲ್ಲಿಗೆ ಬಿಟ್ಟಾಳು ಎಂದುಕೊಂಡು ಅವನು ತಲೆ ತಗ್ಗಿಸಿ ನಿಂತ. ಅವಳು ಬಿಡಲಿಲ್ಲ. ಸೆರಗಿನಿಂದ ಮೂಗು ಒರೆಸಿ, ಗಂಟಲು ಸರಿಪಡಿಸಿಕೊಂಡು, ನಿಲ್ದಾಣದ ನಿಯಮದ ಪ್ರಕಾರ ಇನ್ನೊಮ್ಮೆ ಓದಿದಳು. ಈ ಸಲ ಪಕ್ಕದ ಮನೆಯ ಹೆಡ್‌ಮಾಸ್ಟರರಿಗೂ ಕೇಳಿಸುವಷ್ಟು ಜೋರಾಗಿ.